ಕತ್ತಿ ಅದ್ದಿ ನೋಡಿದವರು

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ನೂರು ವರ್ಷ ತುಂಬಿಸಿದ ನೆನಪಿಗೆ ಹೊರಡುವ ಈ ಸಂಚಿಕೆಗೆ ಸ್ಥಾಪಕರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಸಮಿತಿಯವರು ಮನೆಗೇ ಬಂದು ಕೇಳಿದರು. ನಾನು ವಿಜ್ಞಾನ ಓದಿದವನಲ್ಲ. ಕೇಂದ್ರವಿರುವ ಸೀಗೋಡಿನಿಂದ ಬೀಜ ತಂದು, ಪಾತಿ ಮಾಡಿ, ಸಸಿ ಎಬ್ಬಿಸಿ ಬದುಕು ಕಟ್ಟಿಕೊಂಡ ಮನೆಯವನು. ಆ ಋಣ ನೆನೆಯಲು ಇದೊಂದು ಅವಕಾಶವೆಂದು ಒಪ್ಪಿಕೊಂಡೆ.

ಕಾಫಿಯ ಈ ಕಥೆ ಶುರುವಾಗುವುದು ಅಡಿಕೆ ತೋಟದಲ್ಲಿ. ಕೊಪ್ಪ ಸೀಮೆಯ ನಮ್ಮ ಅಜ್ಜನ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಕರಡದ ಹುಲ್ಲಿನ ಕೊಟ್ಟೆ ಹೆಣೆಯುವುದೇ ದೊಡ್ಡ ಕೆಲಸ. ಕೊನೆಗಾರರು ಮರ ಹತ್ತಿ ಪ್ರತಿ ಕೊನೆಗೂ ಕೊಟ್ಟೆ ಕಟ್ಟಬೇಕು. ಅಷ್ಟು ಮಾಡಿದರೂ ಆಷಾಢದ ಮಳೆ ಬಿಡದೆ ಹಿಡಿದರೆ ಕಾಯಿ ಉದುರಿ ಮರದ ಬುಡವೆಲ್ಲ ಕೊಳೆತು ನಾರುತ್ತಿತ್ತು. ಕೊಳೆ ಬಂದ ವರ್ಷ ಮನೆಯ ಮದುವೆ ಮುಂದೆ ಹೋಗುತ್ತಿತ್ತು ಎಂದು ಅಜ್ಜ ಹೇಳುತ್ತಿದ್ದರು.

ಆ ಕೊಳೆಯ ಬೆನ್ನು ಹತ್ತಿದವರು ಡಾ. ಲೆಸ್ಲಿ ಕೋಲ್ಮನ್. 1878ರಲ್ಲಿ ಕೆನಡಾದ ಒಂಟಾರಿಯೋದಲ್ಲಿ ಹುಟ್ಟಿ, ಟೊರಾಂಟೋದಲ್ಲಿ ಓದಿ, ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದವರು. ಕಣ್ಣಿಗೆ ಕಾಣದ ಮಣ್ಣಿನ ಜೀವಿಗಳು ಅಮೋನಿಯವನ್ನು ಗಿಡಕ್ಕೆ ದಕ್ಕುವ ನೈಟ್ರೇಟ್ ಮಾಡಿಕೊಡುವ ಬಗೆಯನ್ನು ಅಲ್ಲಿ ಅಭ್ಯಾಸ ಮಾಡಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದರು. ಅವರಿಗೂ ಮುಂಚೆ ಡಾ. ಅಡಾಲ್ಫ್ ಲೇಹ್ಮನ್ ಸಂಸ್ಥಾನದಲ್ಲಿ ಕೃಷಿ ರಸಾಯನ ಶಾಸ್ತ್ರಕ್ಕೆ ತಳಪಾಯ ಹಾಕಿದ್ದರು. ಅವರನ್ನೂ ಮರೆಯಬಾರದು.

ಅಡಿಕೆ ಕೊಳೆಗೆ ಕಾರಣವಾದ ಶಿಲೀಂಧ್ರದ ಬಗ್ಗೆ ಕೋಲ್ಮನ್ 1910ರಲ್ಲಿ ವರದಿ ಪ್ರಕಟಿಸಿದರು. ಸೂಚಿಸಿದ ಮದ್ದು ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ತಿನ್ನುವ ಅಡಿಕೆಗೆ ವಿಷ ಹೊಡೆಯುವುದೇ ಎಂದು ನಮ್ಮ ಮನೆಯಲ್ಲೇ ಮೊದಲು ಗಲಾಟೆಯಾಯಿತಂತೆ. ಅಜ್ಜ ಒಂದು ಸಾಲಿಗೆ ಮಾತ್ರ ಹೊಡೆಸಿ ನೋಡಿದರು. ಆ ಸಾಲಿನ ಕೊನೆ ಉಳಿಯಿತು. ಮುಂದಿನ ವರ್ಷ ಇಡೀ ತೋಟಕ್ಕೆ ಹೊಡೆಸಿದರು. ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಉಜ್ಜಿ ತೊಳೆದ ಕತ್ತಿಯನ್ನು ಅದ್ದುತ್ತಿದ್ದರು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ.

1913ರಲ್ಲಿ ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ ಅದೇ ವರ್ಷದ್ದು. ಮುಂದೆ ಅವರು ಕೈಹಾಕಿದ ಕಾಫಿಯ ಕಷ್ಟ ಇನ್ನೂ ಹಳೆಯದು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ಸ್ವಲ್ಪ ಕಾಲದಲ್ಲೇ ನಮ್ಮ ಗುಡ್ಡಗಳಿಗೂ ಬಂತು. ಸಿಂಹಳದವರು ಕಾಫಿ ಕಿತ್ತು ಚಹಾ ನೆಟ್ಟರು, ನಮ್ಮವರು ಕಾಫಿಯನ್ನು ಬಿಡಲಿಲ್ಲ. ಕಾಫಿಗೂ ಕೊಳೆ ಇತ್ತು. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಕುಕ್ ಆ ಶಿಲೀಂಧ್ರಕ್ಕೆ ಹೆಸರಿಡುವಾಗ ಬೆಳೆಗಾರರ ಮಾತನ್ನೇ ಎತ್ತಿಕೊಂಡು 'ಕೊಳೆರೋಗ' ಎಂದು ಲ್ಯಾಟಿನ್ ಹೆಸರಿನಲ್ಲಿ ಸೇರಿಸಿದ. ನಮ್ಮ ತೋಟದ ಸಂಕಟ ಹೀಗೆ ಜಗತ್ತಿನ ಪುಸ್ತಕ ಸೇರಿತು.

1915ರಲ್ಲಿ ಕೊಪ್ಪದಲ್ಲಿ ಎಲೆ ರೋಗದ ಮದ್ದಿಗಾಗಿ ತಾತ್ಕಾಲಿಕ ಘಟಕ ತೆರೆಯಿತು. ಎಂ.ಕೆ. ವೆಂಕಟರಾವ್, ಎಂ.ಜೆ. ನರಸಿಂಹನ್ ಅವರಂಥ ಸಹೋದ್ಯೋಗಿಗಳೊಡನೆ ಕೋಲ್ಮನ್ ಕಾಫಿ ಕೊಳೆಯ ಮೇಲೂ ಕೆಲಸ ಮಾಡಿದರು. ರಸ್ತೆ, ವಾಹನ ಯಾವುದೂ ನೆಟ್ಟಗಿಲ್ಲದ ಕಾಲ. ಜಿಗಣೆ, ಮಲೇರಿಯಾ, ತಿಂಗಳುಗಟ್ಟಲೆ ಮಳೆ. ರೋಗ ಇರುವುದು ಮಳೆಯಲ್ಲಿ, ಹಾಗಾಗಿ ಅದನ್ನು ನೋಡುವವರೂ ಮಳೆಯಲ್ಲೇ ನಿಲ್ಲಬೇಕಿತ್ತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಪೂರ್ಣ ಪ್ರಮಾಣದ ಕಾಫಿ ಪ್ರಯೋಗ ಕೇಂದ್ರ ತಲೆಯೆತ್ತಿತು. ಕೋಲ್ಮನ್ 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. 1954ರಲ್ಲಿ ಅಲ್ಲೇ ತೀರಿಕೊಂಡರು.

ಅವರು ಹಾಕಿದ ದಾರಿಯಲ್ಲಿ ನಡೆದವರು ಕೇಂದ್ರದ ವಿಜ್ಞಾನಿ ವಿಲ್ಸನ್ ಮೇಯ್ನ್. ತುಕ್ಕನ್ನು ತಡೆಯುತ್ತದೆಂದು ಮೈಸೂರು ಸೀಮೆಯ ತೋಟವೊಂದರಿಂದ ಆರಿಸಿ ತಂದ ಕೆಂಟ್ಸ್ ತಳಿ ಕೆಲ ವರ್ಷಗಳಲ್ಲಿ ಸೋತದ್ದೇಕೆ? ತುಕ್ಕಿನ ಶಿಲೀಂಧ್ರದಲ್ಲೇ ಬೇರೆ ಬೇರೆ ಕುಲಗಳಿವೆ, ಒಂದನ್ನು ತಡೆದ ಗಿಡ ಇನ್ನೊಂದಕ್ಕೆ ತಲೆಬಾಗುತ್ತದೆ ಎಂದು 1930ರ ದಶಕದಲ್ಲಿ ಅವರು ತೋರಿಸಿಕೊಟ್ಟರು. ಜಗತ್ತಿನ ಕಾಫಿ ವಿಜ್ಞಾನ ಇಂದಿಗೂ ನಿಂತಿರುವ ಆ ತಿಳಿವು ಭದ್ರೆಯ ದಡದ ಕೊಡುಗೆ ಎನ್ನಲು ಹೆಮ್ಮೆಯಾಗುತ್ತದೆ.

ಮುಂದೆ ಕೇಂದ್ರದವರು ಅರೇಬಿಕಾ ಮತ್ತು ಲಿಬೇರಿಕಾದ ಸಹಜ ಬೆರಕೆಯಿಂದ ಬಂದ ಎಸ್. 288 ತಳಿಗೆ ಕೆಂಟ್ಸ್ ಕೂಡಿಸಿ ಎಸ್. 795 ತಳಿ ಪಡೆದರು. ಇದರಲ್ಲಿ ಆರ್.ಎಲ್. ನರಸಿಂಹಸ್ವಾಮಿ ಅವರ ಪಾಲು ದೊಡ್ಡದು. 1940ರ ದಶಕದ ನಡುವೆ ಅದು ಬೆಳೆಗಾರರ ಕೈ ಸೇರಿತು. ನಮ್ಮ ತಂದೆ ಸೀಗೋಡಿನಿಂದ ತಂದ ಅದರ ಬೀಜದ ಚೀಲವನ್ನು ದೇವರ ಮುಂದೆ ಇಟ್ಟು ಆಮೇಲೆ ಪಾತಿಗೆ ಹಾಕಿದರು. ನಮ್ಮ ನರ್ಸರಿಯ ಸಸಿ ಕಳಸ, ಮೂಡಿಗೆರೆ ಕಡೆಯ ಎಷ್ಟೋ ತೋಟಗಳಲ್ಲಿ ಬೇರು ಬಿಟ್ಟಿದೆ. ಆಗ ನೆಟ್ಟ ಸಾಲೊಂದು ಇಂದಿಗೂ ಹೂಮಳೆಗೆ ಕಾಯುತ್ತದೆ.

1944ರಲ್ಲಿ ಕೇಂದ್ರವು ಕಾಫಿ ಮಂಡಳಿಗೆ ಸೇರಿತು. 1946ರಲ್ಲಿ ಕೊಡಗಿನ ಚೆಟ್ಟಳ್ಳಿಯಲ್ಲಿ ಉಪಕೇಂದ್ರ ಬಂತು. 1985ರಲ್ಲಿ ಕಾವೇರಿ, 2007ರಲ್ಲಿ ಚಂದ್ರಗಿರಿ ತಳಿಗಳು ಬಂದವು.

ಸಮಿತಿಗೆ ನನ್ನದೊಂದು ಬಿನ್ನಹ. ಕೋಲ್ಮನ್, ಮೇಯ್ನ್ ಅವರ ಭಾವಚಿತ್ರದ ಪಕ್ಕದಲ್ಲಿ ವೆಂಕಟರಾವ್, ನರಸಿಂಹನ್, ನರಸಿಂಹಸ್ವಾಮಿ ಅವರ ಹೆಸರೂ ಇರಲಿ. ಮಳೆಯಲ್ಲಿ ಏಣಿ ಹಿಡಿದ, ಮರ ಹತ್ತಿದ ಕೂಲಿಯವರಿಗೂ ಅಲ್ಲಿ ಒಂದು ಸಾಲು ಮೀಸಲಿರಲಿ.

ಈ ಮುಂಗಾರಿಗೆ ಡ್ರಮ್ಮಿನಲ್ಲಿ ಬೋರ್ಡೋ ಕಲಸುವಾಗ ಮೊಮ್ಮಗಳು ಕತ್ತಿ ಅದ್ದಿ ಎತ್ತಿದಳು. "ಅಜ್ಜಾ, ಕೆಂಪಾಗಿದೆ" ಎಂದಳು. ಇನ್ನೊಂದು ಬೊಗಸೆ ಸುಣ್ಣ ಹಾಕಿದೆವು.