ಎಣ್ಣೆ ಬಂದಾಗ ಕಣ್ಣು ಬಿಟ್ಟವರು

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಸಣ್ಣ ವಿಮಾನಗಳ ಕಥೆಯಲ್ಲಿ ಆ ಗಾದೆಗೆ ನೇರ ಅರ್ಥವೇ ಇದೆ. ಕಾರಿನ ಎಂಜಿನ್ ಆಯಿಲ್ ಖಾಲಿಯಾದರೆ ರಸ್ತೆ ಪಕ್ಕ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಬಹುದು. ಒಂದೇ ಎಂಜಿನ್ನಿನ ವಿಮಾನ ಮೂರು ಸಾವಿರ ಅಡಿ ಮೇಲಿದ್ದಾಗ ಪಕ್ಕಕ್ಕೆ ನಿಲ್ಲಿಸೋಕೆ ಜಾಗ ಎಲ್ಲಿದೆ?

ಈ ಕಥೆ ಔಡಲದಿಂದ ಶುರುವಾಗುತ್ತೆ. ನನ್ನೂರು ಶಹಾಬಾದ್ ಹತ್ತಿರದ ಭಂಕೂರ. ನಮ್ಮ ಕಡೆ ಕೂಸಿನ ನೆತ್ತಿಗೂ ಔಡಲೆಣ್ಣೆ, ಹೊಟ್ಟೆ ಕಟ್ಟಿದರೂ ಔಡಲೆಣ್ಣೆ. ಆಗ ನಾವಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನ, ಭಾರತದಲ್ಲಿ ಔಡಲ ಹೆಚ್ಚು ಬೆಳೆಯುತ್ತಿದ್ದ ಸೀಮೆಗಳಲ್ಲಿ ಒಂದು. ಅದೇ ಎಣ್ಣೆ ಮೊದಲ ಮಹಾಯುದ್ಧದ ವಿಮಾನಗಳಿಗೂ ಬೇಕಾಗಿತ್ತು. ಯುದ್ಧದ ಹೊತ್ತಿನಲ್ಲಿ ಅಮೆರಿಕ ಭಾರತದಿಂದ ಔಡಲ ಬೀಜ ತರಿಸಿ ಫ್ಲೋರಿಡಾದಲ್ಲಿ ಬಿತ್ತಿಸಿತು. ಕ್ಯಾಸ್ಟ್ರಾಲ್ ಅನ್ನೋ ಬ್ರ್ಯಾಂಡಿನ ಹೆಸರು ಹುಟ್ಟಿದ್ದೂ ಈ ಕ್ಯಾಸ್ಟರ್ ಎಣ್ಣೆಯಿಂದಲೇ.

ಯಾಕೆ ಔಡಲವೇ? ಫ್ರಾನ್ಸಿನ ನೋಮ್‌ನಂಥ ರೋಟರಿ ಎಂಜಿನ್‌ಗಳಲ್ಲಿ ನಡುವಿನ ಶಾಫ್ಟ್ ಅಲುಗಾಡುತ್ತಿರಲಿಲ್ಲ, ಪ್ರೊಪೆಲ್ಲರ್ ಜೊತೆ ಇಡೀ ಎಂಜಿನ್ನೇ ಗಿರಗಿರ ತಿರುಗುತ್ತಿತ್ತು. ಪೆಟ್ರೋಲ್ ಎಂಜಿನ್ನಿನ ಹೊಟ್ಟೆಯೊಳಗಿಂದಲೇ ಹಾಯ್ದು ಹೋಗಬೇಕು. ಮಾಮೂಲಿ ಎಣ್ಣೆ ಹಾಕಿದರೆ ಪೆಟ್ರೋಲಿಗೆ ಕರಗಿ ನೀರಾಗುತ್ತಿತ್ತು, ಔಡಲೆಣ್ಣೆ ಸುಲಭಕ್ಕೆ ಕರಗಲ್ಲ. ಆದರೆ ಒಮ್ಮೆ ಒಳಗೆ ಹೋದ ಎಣ್ಣೆ ತಿರುಗಿ ಟ್ಯಾಂಕಿಗೆ ಬರುತ್ತಿರಲಿಲ್ಲ, ಹೊಗೆ ಜೊತೆ ಹೊರಗೇ ಹೋಗುತ್ತಿತ್ತು. ಪೈಲಟ್‌ನ ಕನ್ನಡಕ, ಮುಖ, ಬಾಯಿ ಎಲ್ಲಾ ಎಣ್ಣೆ. ಅದನ್ನು ನುಂಗಿ ಅವರ ಹೊಟ್ಟೆ ಕೆಡುತ್ತಿತ್ತು ಅಂತ ಹೇಳ್ತಾರೆ. ನಮ್ಮೂರಿನ ಯಾವ ಅಜ್ಜಿಯನ್ನು ಕೇಳಿದ್ದರೂ ಮೊದಲೇ ಹೇಳಿರೋಳು! ಆ ಕಾಲಕ್ಕೆ ಎಣ್ಣೆ ಹೋಗೋದು ರೋಗ ಅಲ್ಲ, ಆರೋಗ್ಯ. ಹೋಗೋದು ನಿಂತರೆ ಗಾಬರಿ.

ಮುಂದೆ ಎಣ್ಣೆ ಎಂಜಿನ್ನೊಳಗೇ ಸುತ್ತುವ ವ್ಯವಸ್ಥೆ ಬಂತು. ಆಗಿನಿಂದ ಎಣ್ಣೆ ಕಡಿಮೆಯಾಯಿತು ಅಂದರೆ ಕಾರಣ ಹುಡುಕಬೇಕಾಯಿತು. ಬೆಂಗಳೂರಿನ ವಿಮಾನಗಳನ್ನೇ ನೋಡಿ.

ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಎಎಲ್ ಮಾಡಿದ ಎಚ್‌ಟಿ-2, 1951ರ ಆಗಸ್ಟ್ 5ರಂದು ಹಾರಿತು. ಅದರ ಸಿರಸ್ ಮೇಜರ್ ಎಂಜಿನ್ ತಲೆಕೆಳಗು, ಸಿಲಿಂಡರ್‌ಗಳು ಕೆಳಗೆ ಜೋತುಬಿದ್ದಿರುತ್ತವೆ. ಇಂಥ ಎಂಜಿನ್ ರಾತ್ರಿಯೆಲ್ಲ ನಿಂತರೆ ಎಣ್ಣೆ ಪಿಸ್ಟನ್ ರಿಂಗ್ ದಾಟಿ ಸಿಲಿಂಡರಿಗೆ ಜಿನುಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಹೆಚ್ಚು ತುಂಬಿಕೊಂಡಿದ್ದರೆ ಪಿಸ್ಟನ್ನಿಗೆ ಮೇಲೆ ಕೆಳಗೆ ಆಡೋಕೆ ಜಾಗವಿಲ್ಲದೆ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಅದಕ್ಕೇ ಮೊದಲು ಕೈಯಲ್ಲಿ ಪ್ರೊಪೆಲ್ಲರ್ ತಿರುಗಿಸಿ ನೋಡೋದು.

1958ರಲ್ಲಿ ಬಂದ ಪುಷ್ಪಕ್, ಫ್ಲೈಯಿಂಗ್ ಕ್ಲಬ್‌ಗಳ ಪುಟ್ಟ ವಿಮಾನ. ಅದರ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ ಇರೋದು ಮೂಗಿನಲ್ಲಿ. ಹಾಗಾಗಿ ಮುಂದಿನ ಸೀಲ್ ಸೋರಿದರೆ ಗಾಜಿನ ಮೇಲೇ ಎಣ್ಣೆ, ಪೈಲಟ್‌ಗೆ ತಕ್ಷಣ ಗೊತ್ತಾಗುತ್ತೆ.

ಎನ್‌ಎಎಲ್ 1987ರಲ್ಲಿ ಹಾರಿಸಿದ ಎಲ್‌ಸಿಆರ್‌ಎಗೆ ಆ ಅನುಕೂಲವಿರಲಿಲ್ಲ. ಅಮೆರಿಕದ ಬರ್ಟ್ ರುಟಾನ್, ಜನ ಮನೆಯ ಗ್ಯಾರೇಜಿನಲ್ಲೇ ಕಟ್ಟಿಕೊಳ್ಳಲಿ ಅಂತ ವಿನ್ಯಾಸ ಮಾಡಿದ ಲಾಂಗ್-ಈಜಿ ಅದರ ಮೂಲ. ಫೋಮ್ ಮತ್ತು ಗಾಜಿನ ನಾರಿನ ಮೈ. ಆ ಬಗೆಯ ಕಾಂಪೋಸಿಟ್ ಕೆಲಸ ಕಲಿಯೋಕೆ ನಮ್ಮ ಸರ್ಕಾರಿ ಪ್ರಯೋಗಾಲಯವೇ ಮನೆವಿಮಾನ ಕಟ್ಟಿತು. ಎಂಜಿನ್ ಮಾತ್ರ ಹಿಂದೆ, ಪೈಲಟ್‌ನ ಬೆನ್ನಿಗೆ. ಅಲ್ಲಿ ಸೋರಿದ ಎಣ್ಣೆ ಹಿಂದಕ್ಕೇ ಹಾರಿ ಹೋಗುತ್ತೆ, ಕೂತವನಿಗೆ ಒಂದು ಹನಿಯೂ ಕಾಣಲ್ಲ. ಮೀಟರ್ ನೋಡಬಹುದಲ್ಲ ಅಂತೀರಾ? ಪಂಪು ಗಾಳಿ ಎಳೆಯುವಷ್ಟು ಎಣ್ಣೆ ಇಳಿಯುವ ತನಕ ಒತ್ತಡದ ಮುಳ್ಳು ಸುಮ್ಮನೆ ತನ್ನ ಜಾಗದಲ್ಲೇ ನಿಂತಿರುತ್ತೆ. ನೆಲದ ಮೇಲೆ ಡಿಪ್‌ಸ್ಟಿಕ್ ಎಳೆದು ನೋಡೋದೇ ನಂಬಿಕೆಯ ದಾರಿ.

ಎನ್‌ಎಎಲ್‌ನ ಹಂಸ-3ರ ರೋಟ್ಯಾಕ್ಸ್ ಎಂಜಿನ್ನಿನಲ್ಲಿ ಆ ಡಿಪ್‌ಸ್ಟಿಕ್ಕೂ ಸುಳ್ಳು ಹೇಳಬಲ್ಲದು. ಅಲ್ಲಿ ಎಣ್ಣೆಗೆ ಬೇರೆಯೇ ಟ್ಯಾಂಕ್. ನಿಂತಾಗ ಸ್ವಲ್ಪ ಎಣ್ಣೆ ಎಂಜಿನ್ನೊಳಗೇ ಉಳಿದಿರುತ್ತೆ. ಇಗ್ನಿಷನ್ ಆಫ್ ಮಾಡಿ, ಟ್ಯಾಂಕಿನಿಂದ ಗುಳುಗುಳು ಸದ್ದು ಬರುವ ತನಕ ಪ್ರೊಪೆಲ್ಲರ್ ತಿರುಗಿಸಿ, ಆಮೇಲೆ ಅಳೀಬೇಕು. ಇಲ್ಲದಿದ್ದರೆ ಕಡಿಮೆ ಕಾಣುತ್ತೆ, ನಾವು ಇನ್ನಷ್ಟು ಸುರಿಯುತ್ತೇವೆ, ಹೆಚ್ಚಾದದ್ದು ಗಾಳಿ ಕೊಳವೆಯಿಂದ ಹೊರಗೆ ಉಗುಳುತ್ತೆ. ಆಗ ಎಂಜಿನ್ ಸೋರ್ತಿದೆ ಅಂತ ಬಿಚ್ಚೋಕೆ ಕೂರ್ತೇವೆ!

ಹೀಗಾಗಿ ಹುಡುಕೋದಕ್ಕೂ ಒಂದು ಕ್ರಮ ಇದೆ. ಮೊದಲು ಅಳತೆಯೇ ಸರಿಯಾ? ಆಮೇಲೆ, ಎಣ್ಣೆ ಸೋರ್ತಿದೆಯಾ, ಉಗುಳ್ತಿದೆಯಾ, ಉರೀತಿದೆಯಾ? ಸೋರ್ತಿದ್ದರೆ ಎಂಜಿನ್ ತೊಳೆದು ಒರೆಸಿ, ಬಿಳಿ ಪೌಡರ್ ಹಾಕಿ, ಸ್ವಲ್ಪ ಹೊತ್ತು ಓಡಿಸಿದರೆ ಹಾದಿ ಮೂಡುತ್ತೆ. ಉಗುಳ್ತಿದ್ದರೆ ಕೊಳವೆಯ ಬಾಯಿಗೆ ಬಾಟಲಿ ಕಟ್ಟಿ ಅಳೀಬಹುದು. ಉರೀತಿದ್ದರೆ ಸ್ಪಾರ್ಕ್ ಪ್ಲಗ್ ಎಣ್ಣೆಮಯ, ಸಿಲಿಂಡರಿನ ಕಂಪ್ರೆಷನ್ ಇಳಿದಿರುತ್ತೆ.

ನಮ್ಮ ಸರ್ವರ್‌ಗಳಲ್ಲಿ ಮೆಮೊರಿ ಲೀಕ್ ಆದಾಗಲೂ ನಾವು ಕೊನೆಗೆ ಹೋಗೋದು ಲಾಗ್ ಹತ್ತಿರಕ್ಕೇ. ವಿಮಾನದ ಲಾಗ್ ಇನ್ನೂ ಸರಳ: ಇಂದು ಎಷ್ಟು ಗಂಟೆ ಹಾರಿತು, ಎಷ್ಟು ಎಣ್ಣೆ ಹಾಕಿದೆವು. ಹಳೇ ಎಂಜಿನ್ ಸ್ವಲ್ಪ ಕುಡಿದರೆ ಚಿಂತೆ ಇಲ್ಲ. ಹೋದ ತಿಂಗಳಿಗಿಂತ ಈ ತಿಂಗಳು ಹೆಚ್ಚು ಕುಡಿದರೆ ಅವತ್ತು ಹಾರಬಾರದು. ಔಡಲೆಣ್ಣೆಯ ಪೈಲಟ್‌ಗೆ ಎಣ್ಣೆ ಮುಖಕ್ಕೇ ಬಂದು ಹೊಡೆಯುತ್ತಿತ್ತು. ಈಗ ಆ ಪುಸ್ತಕ ತೆರೆದು ನಾವೇ ನೋಡಬೇಕು.