ಚೌಕಳಿ ಪರದೆಯ ಮುಂದೆ



ಇತಿಹಾಸದ ತರಗತಿಯಲ್ಲಿ ಒಮ್ಮೆ ಹಳೆಯ ಪುಸ್ತಕವೊಂದರಿಂದ ಬುಡಕಟ್ಟಿನ ಹೆಂಗಸೊಬ್ಬಳ ಛಾಯಾಚಿತ್ರ ತೋರಿಸಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸಾರ್, ಅವರ ಹೆಸರೇನು?” ಎಂದಳು. ಚಿತ್ರದಡಿ ಬುಡಕಟ್ಟಿನ ಹೆಸರಷ್ಟೇ ಇತ್ತು. “ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ” ಎಂದುಬಿಟ್ಟೆ.

1857ರ ದಂಗೆಯ ಬಳಿಕ ಆಳುವವರಿಗೆ ಪ್ರಜೆಗಳನ್ನು ವಿಂಗಡಿಸಿ ಗುರುತಿಸುವ ಆತುರ ಹೆಚ್ಚಿತು. 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ 8 ಸಂಪುಟಗಳಲ್ಲಿ ಹೊರಬಂದಿತು. ಅದರಲ್ಲಿ ಮನುಷ್ಯರು ಜಾತಿ, ಪಂಗಡಗಳ ಮಾದರಿಗಳಾದರು. 1890ರ ದಶಕದಲ್ಲಿ ಅಂಡಮಾನಿನ ಅಧಿಕಾರಿ ಎಂ. ವಿ. ಪೋರ್ಟ್‌ಮನ್ ಅಲ್ಲಿನ ಮೂಲನಿವಾಸಿಗಳನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆದನು. ಆ ಚೌಕಗಳು ದೇಹವನ್ನು ಅಳೆಯುವುದಕ್ಕಾಗಿ.

ಒಂದು ಶತಮಾನ ಕಳೆದ ಮೇಲೆ, ಅಂಥದೇ ಪರದೆಯ ಮುಂದೆ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ತಾವೇ ವೇಷ ತೊಟ್ಟು ನಿಂತರು. ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ 2000ದಿಂದ 2004ರವರೆಗೆ ರೂಪಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿ ಅದು. ರವಿವರ್ಮನ ನಾಯಕಿಯೂ ಅದರಲ್ಲಿ ಮರುಹುಟ್ಟು ಪಡೆದಿದ್ದಾಳೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಚೌಕಳಿಯ ಚಿತ್ರ. ಅಲ್ಲಿ ಅಳತೆಗೆ ಒಡ್ಡಿಕೊಂಡವಳೇ ಚಿತ್ರದ ಕರ್ತೃ, ಅವಳಿಗೊಂದು ಹೆಸರಿದೆ. ಹಾಗಾಗಿಯೇ, ಹೆಸರಿಲ್ಲದೆ ಉಳಿದವರು ನೆನಪಾಗುತ್ತಾರೆ.

ಅಂದು ಕೇಳಿದ ಹುಡುಗಿ ಇದನ್ನು ಓದುತ್ತಿದ್ದರೆ ಒಂದು ಮಾತು: ಮಗೂ, ಇತಿಹಾಸದ ಪ್ರಶ್ನೆ ಕೇಳಿದವಳು ನೀನು. ನಾನು ಪರೀಕ್ಷೆಯ ಉತ್ತರ ಕೊಟ್ಟೆ.