ಮರಳು, ಕಡತ, ಗಣಕ

ಶಾಲೆಗಳು ಆರಂಭವಾಗುವ ದಿನಗಳಲ್ಲಿ ಮಂಡ್ಯದ ಪೇಟೆಬೀದಿಯಲ್ಲಾಗಲಿ, ಮದ್ದೂರು ಮಳವಳ್ಳಿಗಳ ಅಂಗಡಿಸಾಲಿನಲ್ಲಾಗಲಿ ಸ್ವಲ್ಪ ಹೊತ್ತು ನಿಂತರೆ ಒಂದು ಪ್ರಶ್ನೆ ತಪ್ಪದೆ ಕಿವಿಗೆ ಬೀಳುತ್ತದೆ: “ನಮ್ಮ ಮಗುವಿಗೆ ಯಾವ ಕಂಪ್ಯೂಟರು ಕೊಡಿಸಿದರೆ ಒಳ್ಳೆಯದು?” ಕೇಳುವವರು ಬಹುಮಟ್ಟಿಗೆ ಕಬ್ಬಿನ ಹಣವನ್ನೋ ರೇಷ್ಮೆಗೂಡಿನ ಹಣವನ್ನೋ ಜೋಪಾನವಾಗಿ ಎಣಿಸಿ ತಂದವರು. ವ್ಯಾಪಾರಿ ಯಂತ್ರದ ವೇಗವನ್ನು ಹೇಳುತ್ತಾನೆ, ಬೆಲೆಯನ್ನು ಹೇಳುತ್ತಾನೆ. ಮಗುವಿನ ಮಾತು ಮಾತ್ರ ಅಲ್ಲಿ ಬರುವುದಿಲ್ಲ. ವಾಚಕರೇ, ಎಳೆಯ ಕೈಗೆ ಎಂಥ ಉಪಕರಣವನ್ನು ಕೊಡಬೇಕೆಂಬ ಈ ಪ್ರಶ್ನೆ ಹೊಸದೇನೂ ಅಲ್ಲ. ಕನ್ನಡ ನಾಡಿನ ಹಿರಿಯರು ಇದಕ್ಕೆ ಕೊಟ್ಟಿದ್ದ ಉತ್ತರವನ್ನು ಒಮ್ಮೆ ನೆನೆದು ಅಂಗಡಿಯ ಮೆಟ್ಟಿಲು ಹತ್ತಿದರೆ ನಷ್ಟವಿಲ್ಲ.

ಮೊದಲು ಹೆಸರನ್ನೇ ನೋಡೋಣ. ಕಂಪ್ಯೂಟರಿಗೆ ನಾವು ‘ಗಣಕ’ ಎನ್ನುತ್ತೇವೆ. ಸಂಸ್ಕೃತದಲ್ಲಿ ಗಣಕನೆಂದರೆ ಎಣಿಸುವವನು, ಲೆಕ್ಕಿಗ, ಜ್ಯೋತಿಷಿ. ಇಂಗ್ಲಿಷಿನಲ್ಲಿಯೂ ಕಂಪ್ಯೂಟರ್ ಎಂಬ ಮಾತು ಮೊದಲು ಲೆಕ್ಕ ಮಾಡುವ ಮನುಷ್ಯನಿಗೇ ಸಲ್ಲುತ್ತಿತ್ತು. ಯಂತ್ರಕ್ಕೆ ಅದು ಅಂಟಿದ್ದು ಅನಂತರ. ಗಣಕನು ಯಂತ್ರವಾದುದರಲ್ಲಿ ತಪ್ಪಿಲ್ಲ. ಆದರೆ ಎಣಿಸುವ ಕೆಲಸವನ್ನೆಲ್ಲ ಯಂತ್ರಕ್ಕೆ ಒಪ್ಪಿಸಿ ಮಗು ಕೈಕಟ್ಟಿ ನೋಡುತ್ತ ಕುಳಿತರೆ, ಅದು ಕಲಿಕೆಯೆನಿಸಲಾರದು.

ಈಗ ನಾನೂರು ವರ್ಷ ಹಿಂದಕ್ಕೆ ಹೋಗೋಣ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ ಹೊರಟಿದ್ದನು. ಘಟ್ಟದ ಮೇಲೆ ಒಂದು ಗುಡಿಯ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿಕೊಂಡು, ಒಬ್ಬನು ಪಾಠವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಅಂಕಿಯನ್ನು ಬರೆಯುವನು; ಉಳಿದವರು ಅದನ್ನೇ ಹೇಳುತ್ತ ಬರೆಯುವರು. ನೆಲ ತುಂಬಿದರೆ ಅಳಿಸಿ, ಬೇಕಾದರೆ ಹೊಸ ಮರಳನ್ನು ಚೆಲ್ಲಿ ಮುಂದುವರಿಯುವರು. ಗುರುವೇ ಇಲ್ಲವಲ್ಲ, ತಪ್ಪಿದರೆ ತಿದ್ದುವವರು ಯಾರು ಎಂದು ಪ್ರವಾಸಿ ಕೇಳಿದನು. ನಾಲ್ವರೂ ಒಂದೇ ಕಡೆ ಒಟ್ಟಿಗೆ ತಪ್ಪುವುದು ಸಾಧ್ಯವಿಲ್ಲ, ಒಬ್ಬನು ತಪ್ಪಿದರೆ ಇನ್ನೊಬ್ಬನು ತಿದ್ದುತ್ತಾನೆ ಎಂಬುದು ಮಕ್ಕಳ ಉತ್ತರ.

ಇಷ್ಟರಲ್ಲಿಯೇ ಒಂದು ಶಿಕ್ಷಣಶಾಸ್ತ್ರ ಅಡಗಿದೆ. ಕೈ ಬರೆಯುತ್ತದೆ, ಬಾಯಿ ಹೇಳುತ್ತದೆ, ಕಿವಿ ಕೇಳುತ್ತದೆ. ತಪ್ಪಿಗೆ ನಾಚಿಕೆಯಿಲ್ಲ, ಏಕೆಂದರೆ ಮರಳು ಯಾವ ತಪ್ಪನ್ನೂ ಉಳಿಸಿಕೊಳ್ಳುವುದಿಲ್ಲ. ಜೊತೆಗಾರರಿದ್ದಾರೆ. ಖರ್ಚಂತೂ ಇಲ್ಲವೇ ಇಲ್ಲ. ಮದರಾಸಿನಲ್ಲಿ ಮಕ್ಕಳು ಹೀಗೆಯೇ ಮರಳಿನಲ್ಲಿ ಬರೆಯುವುದನ್ನು ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿ ಆ ಕ್ರಮವನ್ನು ತನ್ನ ಶಾಲೆಯಲ್ಲಿ ಅಳವಡಿಸಿಕೊಂಡು, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವನ್ನೇ ಪ್ರಕಟಿಸಿದನು.

ಇನ್ನೂರು ವರ್ಷಗಳ ಅನಂತರ, 1823ರಲ್ಲಿ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಸರ್ಕಾರಕ್ಕೆ ವರದಿ ಬರೆದನು. ಮರಳಿನಲ್ಲಿ ಅಕ್ಷರ ತಿದ್ದಿದ ಮಗುವಿಗೆ ಮುಂದೆ ಎರಡು ಸಾಧನಗಳು ದೊರೆಯುತ್ತಿದ್ದುವು. ಒಂದು ಹಲಗೆ: ಅಡಿ ಅಗಲ, ಮೂರಡಿ ಉದ್ದದ ಮಣೆಗೆ ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪು ಮಾಡಿದುದು. ಇನ್ನೊಂದು ಕಡತ: ಬಟ್ಟೆಗೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟಿನ ಲೇಪ ಕೊಟ್ಟುದು. ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರಸಿದರೆ ಎರಡೂ ಮತ್ತೆ ಸಿದ್ಧ. ಇಂದು ಕಚೇರಿಯ ಫೈಲಿಗೂ ಕಂಪ್ಯೂಟರಿನೊಳಗಿನ ಫೈಲಿಗೂ ನಾವು ಕಡತವೆನ್ನುತ್ತೇವೆ. ಆ ಮಾತಿನ ಹಿಂದೆ ಇದ್ದಿಲು ಬಳಿದ ಈ ಬಟ್ಟೆಯ ಮಡಿಕೆಯಿದೆ. 

ಹಾಗೆಂದು ಆ ಕಾಲವನ್ನು ಕೇವಲ ಹೊಗಳುವುದು ನ್ಯಾಯವಲ್ಲ. ಒಂಬತ್ತು ಲಕ್ಷಕ್ಕೂ ಮಿಕ್ಕ ಜನರಿದ್ದ ಆ ಜಿಲ್ಲೆಯಲ್ಲಿ ಶಾಲೆಗಳು 533, ಕಲಿಯುತ್ತಿದ್ದವರು 6,641 ಮಂದಿ. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಉಪಕರಣ ಎಷ್ಟು ಅಗ್ಗವಾಗಿದ್ದರೂ ಅದು ಯಾರ ಕೈ ಸೇರುತ್ತದೆಂಬುದು ಬೇರೆಯೇ ಪ್ರಶ್ನೆ. ಈ ಅಂಕಿಯನ್ನು ಮನಸ್ಸಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಗಣಕಯಂತ್ರಕ್ಕೆ ಬರೋಣ. ಅಮೆರಿಕದಲ್ಲಿ 1967ರಲ್ಲಿ ಸೆಮೂರ್ ಪ್ಯಾಪರ್ಟ್, ವಾಲಿ ಫ್ಯೂರ್ಜಿಗ್, ಸಿಂಥಿಯಾ ಸಾಲೊಮನ್ ಎಂಬವರು ಮಕ್ಕಳಿಗಾಗಿ ‘ಲೋಗೊ’ ಎಂಬ ಗಣಕಭಾಷೆಯನ್ನು ರಚಿಸಿದರು. ಮಗು ಒಂದು ಆಮೆಗೆ ‘ಮುಂದೆ ಹೋಗು, ಬಲಕ್ಕೆ ತಿರುಗು’ ಎಂದು ಆಜ್ಞೆ ಕೊಡುವುದು, ಆಮೆ ಹೋದ ದಾರಿಯಲ್ಲಿ ಗೆರೆ ಮೂಡುವುದು. ಚೌಕ ಬರೆಯಹೋಗಿ ಸೊಟ್ಟ ಬಂದರೆ ಆಜ್ಞೆಯನ್ನು ತಿದ್ದಿ ಮತ್ತೆ ನೋಡುವುದು. ಇದು ಘಟ್ಟದ ಮೇಲಿನ ಮರಳಲ್ಲದೆ ಮತ್ತೇನು?

ನಮ್ಮ ಬೆಂಗಳೂರಿನಲ್ಲಿಯೂ ಒಂದು ಪ್ರಯತ್ನ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಎಂಬ ಸಂಸ್ಥೆಯ ತಂತ್ರಜ್ಞರೂ ಕೂಡಿ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಗಣಕವನ್ನು ರೂಪಿಸಿ 2001ರಲ್ಲಿ ಜನರ ಮುಂದಿಟ್ಟರು. ಅದು ದೇಶಭಾಷೆಗಳನ್ನು ಓದಿ ಹೇಳಬಲ್ಲುದಾಗಿತ್ತು. ಒಂದೇ ಯಂತ್ರವನ್ನು ಹಲವರು ತಮ್ಮ ತಮ್ಮ ಚೀಟಿ ಹಾಕಿ ಬಳಸಬಹುದಾಗಿತ್ತು. 2004ರಲ್ಲಿ ಮಾರಾಟಕ್ಕೆ ಬಂದರೂ ನಿರೀಕ್ಷಿಸಿದಷ್ಟು ಜನರನ್ನು ಅದು ತಲಪಲಿಲ್ಲ. ಮಳವಳ್ಳಿ ತಾಲ್ಲೂಕಿನವರಿಗೆ ಇಂಥ ಕಥೆ ಹೊಸದಲ್ಲ. ಅವರ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದುದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ದೀಪಗಳಿಗೆ. ಸುತ್ತಣ ಹಳ್ಳಿಗಳ ಸರದಿ ಬಂದುದು ಬಹುಕಾಲದ ಮೇಲೆ. ವಸ್ತು ಹತ್ತಿರದಲ್ಲಿ ಹುಟ್ಟಿದ ಮಾತ್ರಕ್ಕೆ ನಮ್ಮ ಮಕ್ಕಳದಾಗುವುದಿಲ್ಲ.

ಕೈಗೆ ಸಿಕ್ಕಿದ ಮಾತ್ರಕ್ಕೂ ಆಗುವುದಿಲ್ಲ. ‘ಮಗುವಿಗೊಂದು ಲ್ಯಾಪ್‌ಟಾಪ್’ ಎಂಬ ಯೋಜನೆಯೊಂದು 2005ರಲ್ಲಿ ಘೋಷಿತವಾಗಿ, ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಲಕ್ಷಾಂತರ ಯಂತ್ರಗಳು ಹಂಚಲ್ಪಟ್ಟುವು. ಅಲ್ಲಿಯ 319 ಶಾಲೆಗಳನ್ನು ಪರೀಕ್ಷಿಸಿ 2012ರಲ್ಲಿ ಹೊರಬಂದ ಅಧ್ಯಯನವು, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳು ಮುಂದುವರಿದುದಕ್ಕೆ ಆಧಾರ ಕಾಣದೆಂದು ತಿಳಿಸಿತು. ಮರಳಿದ್ದರೆ ಸಾಲದು, ಜೊತೆಗೆ ಕುಳಿತು ತಿದ್ದುವ ಗೆಳೆಯರೂ ಗುರುವೂ ಬೇಕು.

ಆದ್ದರಿಂದ ಅಂಗಡಿಗೆ ಹೋದಾಗ ನಾಲ್ಕು ವಿಷಯಗಳನ್ನು ವಿಚಾರಿಸಿರಿ. ಮೊದಲನೆಯದು, ಮಗು ಅದರಲ್ಲಿ ಏನನ್ನಾದರೂ ಮಾಡಬಲ್ಲುದೆ, ಅಥವಾ ನೋಡುವುದಷ್ಟೆಯೆ? ಬರೆಯಲು ಕೀಲಿಮಣೆ, ಚಿತ್ರ ಬಿಡಿಸಲು ಅನುಕೂಲ, ಸಾಕಷ್ಟು ದೊಡ್ಡ ತೆರೆ ಇರುವ ಹಳೆಯ ಯಂತ್ರವಾದರೂ ಹೊಳೆಯುವ ಹೊಸ ಫೋನಿಗಿಂತ ಮೇಲು. ಎರಡನೆಯದು, ಅದಕ್ಕೆ ಕನ್ನಡ ಬರುತ್ತದೆಯೆ? ಅಂಗಡಿಯಲ್ಲಿಯೇ ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ಹೆಸರುಗಳನ್ನು ಬರೆಸಿ ನೋಡಿರಿ. ಅನುಸ್ವಾರ, ಒತ್ತಕ್ಷರ, ದೀರ್ಘ, ಳಕಾರ ಎಲ್ಲವೂ ಅವುಗಳಲ್ಲಿವೆ. ಕನ್ನಡ ಲಿಪಿಯು 1991ರಿಂದಲೇ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಸೇರಿದೆ, ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸ ನಮಗುಂಟು. ಬಾರದೆಂದು ವ್ಯಾಪಾರಿ ಹೇಳಿದರೆ ಒಪ್ಪಬೇಡಿರಿ. ಮೂರನೆಯದು, ಕೆಟ್ಟರೆ ನಿಮ್ಮ ಊರಿನಲ್ಲಿಯೇ ರಿಪೇರಿ ಮಾಡುವವರುಂಟೆ, ಬ್ಯಾಟರಿ ಬದಲಿಸಬಹುದೆ? ನಾಲ್ಕನೆಯದು, ಅದನ್ನು ಮನೆಯಲ್ಲಿ ಎಲ್ಲಿಡುತ್ತೀರಿ? ಕೋಣೆಯ ಮೂಲೆಯಲ್ಲಲ್ಲ, ನಾಲ್ವರು ಓಡಾಡುವ ನಡುಮನೆಯಲ್ಲಿಡಿ. ತೀರ ಎಳೆಯರಿಗೆ ಅವಸರವೂ ಬೇಡ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ತೆರೆ ಸಲ್ಲದು, ಕಡಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ವಯಸ್ಸಿಗೆ ಮದ್ದೂರಿನ ನೆರೆಯ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿಗಳೇ ಸಾಕಾದ ಗಣಕ.

ಕೊನೆಯದಾಗಿ, ಆ ಅರವತ್ತು ಹೆಣ್ಣುಮಕ್ಕಳ ಮಾತು. 2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಇದ್ದುದು ಒಂದೇ ಫೋನು. ತಂದೆ ಅದನ್ನು ಗದ್ದೆಗೋ ಆಲೆಮನೆಗೋ ಒಯ್ದರೆ ಪಾಠ ನಿಂತಿತು. ಸಂಜೆ ಮರಳಿ ತಂದರೆ ಮೊದಲು ಮಗನ ಕೈಗೆ, ಅವನದು ಮುಗಿದ ಮೇಲೆ ಮಗಳ ಕೈಗೆ. ಅಷ್ಟು ಹೊತ್ತಿಗೆ ಅವಳಿಗೆ ಒಲೆಯ ಕೆಲಸ ಕಾದಿರುತ್ತಿತ್ತು. ಮತ್ತೆ ಶಾಲೆ ತೆರೆದಾಗ ಹಿಂದೆ ಬಿದ್ದವರು ಯಾರೆಂಬುದನ್ನು ತರಗತಿಯಲ್ಲಿ ನಿಂತವರು ಕಂಡಿದ್ದೇವೆ. ನೀವು ಕೊಳ್ಳುವ ಯಂತ್ರ ಒಂದೇ ಆದರೂ ಚಿಂತೆಯಿಲ್ಲ. ಮಗನಿಗೆ ಇಷ್ಟು ಹೊತ್ತು, ಮಗಳಿಗೆ ಇಷ್ಟು ಹೊತ್ತು ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟು, ಆಗಾಗ ಇಬ್ಬರನ್ನೂ ಜೊತೆಗೆ ಕೂರಿಸಿರಿ. ಒಬ್ಬರು ತಪ್ಪಿದರೆ ಇನ್ನೊಬ್ಬರು ತಿದ್ದಲಿ.